ಲಡಾಯಿ ಇಲ್ಲದ ಪಿಕ್ಚರ್

ಬಾಗಿಲಿಗೆ ಬೆನ್ನು ಮಾಡಿ ಕೂರುವುದು ಗುಡುಸಾಬನಿಂದ ಆಗುತ್ತಿರಲಿಲ್ಲ. ಚಹಾದಂಗಡಿಯಾಗಲಿ, ಬೀಗರ ಮನೆಯ ಊಟವಾಗಲಿ, ಅವನು ಮೊದಲು ಗೋಡೆ ಹುಡುಕುತ್ತಿದ್ದ. ಗೋಡೆಗೆ ಬೆನ್ನು ಕೊಟ್ಟ ಮೇಲೆಯೇ ಉಳಿದ ಮಾತು. ಸೊರಟೂರಿನ ಮಂದಿ ಇದನ್ನು ಮಿಲ್ಟ್ರಿ ಠೀವಿ ಎಂದು ತಿಳಿದಿದ್ದರು. ಕೆಲವು ಹುಡುಗರಂತೂ ಅವನನ್ನು ನೋಡಿ ತಾವೂ ಗೋಡೆಗೆ ಒರಗಿ ಎದೆ ಸೆಟೆಸಿ ಕೂರುವುದನ್ನು ಕಲಿತಿದ್ದರು. ಈಗ ಬೆಟಗೇರಿಯ ಟಾಕೀಜಿನ ಬಾಲ್ಕನಿಯಲ್ಲಿ ಯುವಕ ಮಂಡಳದವರು ಅವನನ್ನು ಮೊದಲ ಸಾಲಿನ ನಟ್ಟನಡುವೆ ಕೂರಿಸಿದ್ದರು. ಅದು ಮಾನದ ಖುರ್ಚಿ. ಬೆನ್ನಿಗೆ ಊರಿನ ಮಂದಿ, ಅವರ ಬೆನ್ನಿಗೆ ಎರಡು ಬಾಗಿಲು, ಬಾಗಿಲಿಗೆ ತೂಗುಬಿಟ್ಟ ಪರದೆ. ಪರದೆ ಸರಿದಾಗೆಲ್ಲ ಹೊರಗಿನ ಬಿಸಿಲು ಒಳಗೆ ಬಿದ್ದು ಹೋಗುತ್ತಿತ್ತು, ಮತ್ತು ಪ್ರತಿ ಸಲವೂ ಗುಡುಸಾಬನ ಕುತ್ತಿಗೆಯ ಹಿಂದಿನ ಕೂದಲು ನಿಮಿರುತ್ತಿತ್ತು. ತಿರುಗಿ ನೋಡಬಾರದೆಂದು ಅವನು ತನಗೆ ತಾನೇ ಹುಕುಂ ಮಾಡಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಪದಕಗಳ ಸಾಲು, ಹಣೆಯ ಮೇಲೆ ಬೆವರು. ಎಡಗಡೆ ಹೆಣ್ಣುಮಕ್ಕಳ ಸಾಲಿನಲ್ಲಿ ಅವನ ಹೆಂಡತಿ ಜೈಬುನ್ನೀಸಾ, ನೆರೆಮನೆಯ ಅಮೃತವ್ವನ ಪಕ್ಕದಲ್ಲಿ ಕೂತು ಸೆರಗಿನ ತುದಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಗದಗ ಬೇರೆ ಜಿಲ್ಲೆಯಾಗಿ ಕಚೇರಿಗಳ ಬೋರ್ಡುಗಳ ಬಣ್ಣ ಇನ್ನೂ ಹೊಸದಿದ್ದ ಕಾಲ. ಅದರ ಬೆನ್ನಿಗೇ ಕಾರ್ಗಿಲ್ ಆಗಿತ್ತು. ಊರೂರಿಗೂ ತನ್ನವನೆನ್ನಲು ಒಬ್ಬ ಸೈನಿಕ ಬೇಕಾಗಿದ್ದ. ಇಲ್ಲದ ಊರಿನವರು ಪಕ್ಕದೂರಿನವನನ್ನು ಅಳಿಯನೆಂದು ನೆಂಟಸ್ತಿಕೆ ಹಚ್ಚಿ ಎಳೆದು ತರುತ್ತಿದ್ದರು. ಸೊರಟೂರಿಗೆ ಆ ಚಿಂತೆ ಇರಲಿಲ್ಲ. ಗುಡುಸಾಬ ಕಾರ್ಗಿಲ್ಲಿಗಿಂತ ಮೊದಲೇ ನಿವೃತ್ತನಾಗಿ ಬಂದು ಹಿಟ್ಟಿನ ಗಿರಣಿ ಹಾಕಿಕೊಂಡವನು, ಅವನ ಲಡಾಯಿ ಶ್ರೀಲಂಕಾದ್ದು ಎಂಬುದೂ ಊರಿಗೆ ಅಡ್ಡಿಯಾಗಲಿಲ್ಲ. ಮಂಡಳದ ಅಧ್ಯಕ್ಷ, ಗೊಬ್ಬರದಂಗಡಿಯ ಗವಿಸಿದ್ದಪ್ಪ, ಎಲ್ಲಿ ನಾಲ್ಕು ಮಂದಿ ಕಂಡರೂ ಹೇಳುತ್ತಿದ್ದ: "ಲಂಕಾಕ್ಕ ಹೋಗಿ ಗೆದ್ದ ಬಂದಾವ್ರು ಇಬ್ರ. ಒಬ್ಬ ನಮ್ಮ ಹನಮಪ್ಪ, ಇನ್ನೊಬ್ಬ ನಮ್ಮ ಗುಡುಸಾಬ." ಗೆದ್ದು ಬಂದೆವೇ ಎಂದು ಗುಡುಸಾಬ ಕೇಳಿರಲಿಲ್ಲ. ಹನುಮಂತದೇವರ ಪಕ್ಕದಲ್ಲಿ ಒಬ್ಬ ಸಾಬನಿಗೆ ಊರು ಜಾಗ ಕೊಟ್ಟದ್ದು ಅವನಿಗೆ ಬಹಳ ಹೆಮ್ಮೆಯ ಮಾತಾಗಿತ್ತು, ಅದನ್ನು ತಾನಾಗಿ ಯಾಕೆ ಕೆಡಿಸಿಕೊಳ್ಳಬೇಕು? ಗದಗಿನ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ಕಂಡವನು ಗವಿಸಿದ್ದಪ್ಪನೇ. ಯಾವುದೋ ಪರದೇಶದ ಪಿಕ್ಚರ್, ಹಿಂದಿ ಮಾತು ಹಾಕಿದ್ದು. ಹೆಲ್ಮೆಟ್ ಹಾಕಿದ ಸೈನಿಕನ ಅರ್ಧ ಮುಖ, ಹಿಂದೆಲ್ಲ ಕೆಂಪು. ಕೆಂಪು ಅಂದರೆ ತೋಪಿನ ಬೆಂಕಿ ಎಂದು ಗವಿಸಿದ್ದಪ್ಪ ಅಲ್ಲೇ ತೀರ್ಮಾನ ಮಾಡಿದ. ಸ್ವಾತಂತ್ರ್ಯ ದಿನದ ಮ್ಯಾಟಿನಿಗೆ ಬಾಲ್ಕನಿ ಪೂರಾ ಹಿಡಿದು, ಮಂದಿಯನ್ನು ಟೆಂಪೋದಲ್ಲಿ ತುಂಬಿ ತಂದು, ಇಂಟರ್ವಲ್ಲಿನಲ್ಲಿ ಪರದೆಯ ಮುಂದೆ ಮಿಲ್ಟ್ರಿ ಗುಡುಸಾಬರಿಗೆ ಸತ್ಕಾರ ಎಂದು ಮಾಲೆ, ಶಾಲು, ಪೇಟಾ ಎಲ್ಲ ತಯಾರು ಮಾಡಿದ್ದ.

ಪಿಕ್ಚರ್ ಸುರುವಾಯಿತು. ಲಡಾಯಿ ಇಲ್ಲ. ಒಂದು ಮನೆ, ಮನೆಯ ಸುತ್ತ ಹುಲ್ಲು, ಲಡಾಯಿ ಮುಗಿಸಿ ಬಂದ ಒಬ್ಬ ಸೈನಿಕ, ಅವನ ಹೆಂಡತಿ. ಸೈನಿಕ ಏಳುತ್ತಾನೆ, ಹಿತ್ತಲ ಬಾಗಿಲಿನ ಚಿಲಕ ನೋಡುತ್ತಾನೆ, ಕಿಟಕಿ ನೋಡುತ್ತಾನೆ, ಬಂದು ಮಲಗುತ್ತಾನೆ, ಮತ್ತೆ ಏಳುತ್ತಾನೆ. "ಲೇ, ಲಡಾಯಿ ಯಾವಾಗಲೇ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರೆ, "ಬರ್ತೈತಿ ತಡಿಯಲೇ, ಈಗರ ಮನಿಗೆ ಬಂದಾನ," ಎಂದು ಇನ್ನೊಬ್ಬ ಸಮಾಧಾನ ಮಾಡಿದ. ಸೈನಿಕ ಮೂರನೆಯ ಸಲ ಚಿಲಕ ನೋಡಲು ಎದ್ದಾಗ ಜನ ನಕ್ಕರು. ಗುಡುಸಾಬನೂ ನಕ್ಕ. ನಗುವುದಕ್ಕೆ ಒಂದು ಕ್ಷಣ ತಡವಾಯಿತು, ಅಷ್ಟೇ. ತಾನು ದಿನಾ ಚಿಲಕ ನೋಡುವುದು ಎಷ್ಟು ಸಲ ಎಂದು ಅವನು ಯಾವತ್ತೂ ಎಣಿಸಿರಲಿಲ್ಲ, ಈಗ ಎಣಿಸುವ ಮನಸ್ಸೂ ಇರಲಿಲ್ಲ. ಕನ್ನಡಿಯಲ್ಲಿ ಆ ಸೈನಿಕನಿಗೆ ಸತ್ತವನೊಬ್ಬ ಕಾಣಿಸಿದ, ಮುಖವೆಲ್ಲ ಮಣ್ಣು, ಬಾಯಲ್ಲಿ ಮಣ್ಣು. ಹೆಣ್ಣುಮಕ್ಕಳ ಸಾಲಿನಿಂದ ಚೀರಾಟ ಎದ್ದಿತು. ಗುಡುಸಾಬನಿಗೆ ಮಾತ್ರ ಅಂಜಿಕೆ ಆಗಲಿಲ್ಲ, ಸಿಟ್ಟು ಬಂತು. ಸುಳ್ಳು. ಸತ್ತವರು ಹಾಗೆ ವೇಷ ಕಟ್ಟಿಕೊಂಡು ಬಂದು ನಿಲ್ಲುವುದಿಲ್ಲ. ಬಂದಿದ್ದರೆ ಕೂರಿಸಿ ಮಾತಾಡಿಸಬಹುದಿತ್ತು, ಕಾಲು ಹಿಡಿಯಬಹುದಿತ್ತು. ಬರುವುದು ಬರೀ ಸಪ್ಪಳ. ಗಿರಣಿ ನಡೆದಿರುವವರೆಗೆ ಅದು ಕೇಳಿಸುವುದಿಲ್ಲ, ಅದಕ್ಕೇ ಅವನು ಗಿರಣಿ ಹಾಕಿದ್ದು. ಕರೆಂಟು ಹೋಗಿ ಗಿರಣಿಯ ಬೆಲ್ಟು ನಿಂತಿತೆಂದರೆ ಹಿಟ್ಟಿನ ಧೂಳು ಕೆಳಗಿಳಿಯುವುದರೊಳಗೆ ಸುರುವಾಗುತ್ತದೆ. ಖಾಲಿ ತಂಬಿಗೆ ಕಲ್ಲಿನ ಮೇಲೆ ಉರುಳುವ ಸಪ್ಪಳ. ಲಂಕಾದ ಆ ಊರಿನಲ್ಲಿ ತಾಳೆಮರಗಳ ನಡುವೆ ಒಂದು ದಾರಿ ಇತ್ತು. ಬೆಳಕು ಹರಿಯುವ ತನಕ ಯಾರೂ ಹೊರಬೀಳಬಾರದೆಂದು ಸಾರಿದ್ದರು, ಅಲುಗಿದ್ದಕ್ಕೆ ಗುಂಡು ಎಂದು ಇವರಿಗೆ ಹುಕುಂ. ಮಬ್ಬಿನಲ್ಲಿ ಅಲುಗಿತು. ಹೊಡೆದ. ಹತ್ತಿರ ಹೋಗಿ ನೋಡಿದರೆ ಮುದುಕ, ಬಯಲಕಡೆ ಹೊರಟವನು, ಕೈಯಲ್ಲಿದ್ದದ್ದು ತಂಬಿಗೆ. ತಂಬಿಗೆ ಇನ್ನೂ ಉರುಳುತ್ತಿತ್ತು. ಮೇಲಧಿಕಾರಿ ಬಂದು ಬೆನ್ನು ತಟ್ಟಿ ಶಾಬಾಸ್ ಎಂದ.

ಹುಕುಂ ಪ್ರಕಾರ ಹೊಡೆದದ್ದು, ತಪ್ಪೆಂದು ಯಾರೂ ಅನ್ನಲಿಲ್ಲ. ಗುಡುಸಾಬನಿಗೆ ಹತ್ತಿದ ಮುಳ್ಳೇ ಬೇರೆ. ಒಂದು ಕೈಯಲ್ಲಿ ತಂಬಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಧೋತರದ ಚುಂಗು ಎತ್ತಿಕೊಂಡು, ನೀರು ಚೆಲ್ಲದ ಹಾಗೆ ತುಸು ವಾಲಿ ನಡೆಯುವವನ ನಡಿಗೆ ಯಾವ ದೇಶದಲ್ಲಾದರೂ ಒಂದೇ. ಅಪ್ಪನದೂ ಅದೇ ನಡಿಗೆ, ಅಜ್ಜನದೂ ಅದೇ. ಸೊರಟೂರಿನಲ್ಲಿ ಹುಟ್ಟಿ, ದಿನಾ ಬೆಳಗಾದರೆ ಅದನ್ನೇ ನೋಡಿ ಬೆಳೆದವನಿಗೆ ಅದು ಗುರುತು ಸಿಗಬಾರದಿತ್ತೇ? ಜೊತೆಗಿದ್ದವರಲ್ಲಿ ಪೇಟೆಯಲ್ಲಿ ಬೆಳೆದವರಿದ್ದರು, ಅವರಿಗೆ ತಿಳಿಯದಿದ್ದರೆ ಬೇರೆ. ನೌಕರಿ ಮುಗಿಸಿ ಬಂದವನೇ ಅವನು ಮನೆ ರಿಪೇರಿ ಮಾಡಿಸಲಿಲ್ಲ, ಹೊಲ ಕೊಳ್ಳಲಿಲ್ಲ. ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಿದ. ಓಣಿಯಲ್ಲೇ ಮೊದಲನೆಯದು. ಅಷ್ಟಕ್ಕೆ ಬಿಡದೆ ಮನೆಮನೆಗೆ ಹೋಗಿ, ಕೈಮುಗಿದು, ಬೈದು, ತಗಾದೆ ತೆಗೆದು, ತಾನೇ ಇಟ್ಟಂಗಿ ಹೊತ್ತು, ಓಣಿಯ ಒಂದೇ ಒಂದು ತಂಬಿಗೆಯೂ ಮಬ್ಬಿನಲ್ಲಿ ಹೊರಬೀಳದ ಹಾಗೆ ಮಾಡಿದ. ಊರು ಬೆರಗಾಯಿತು. ಜಿಲ್ಲೆಯ ಸಾಹೇಬರು ಜೀಪಿನಲ್ಲಿ ಬಂದು ಅವನ ಜೊತೆ ನಿಂತು ಫೋಟೋ ತೆಗೆಸಿಕೊಂಡು, ಸೈನಿಕನ ಶಿಸ್ತು ಎಂದರೆ ಇದು ಎಂದು ಭಾಷಣ ಮಾಡಿದರು. ಆ ದಿನ ಅವನು ನೆಟ್ಟಗೆ ನಿಂತಿದ್ದ. ಮುಖ ಬಿಗಿದಿತ್ತು. ಫೋಟೋದಲ್ಲಿ ಅದೂ ಶಿಸ್ತಾಗಿಯೇ ಕಂಡಿತು.

"ಹುಚ್ಚ ಆಗ್ಯಾನಲೇ ಮಗ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಪರದೆಯ ಮೇಲೆ ಸೈನಿಕ ಊಟದ ಮೇಜಿನ ಕೆಳಗೆ ಹೊಕ್ಕು ಕೂತಿದ್ದ, ಹೊರಗೆ ಯಾರೋ ಪಟಾಕಿ ಹೊಡೆದದ್ದೇ ನೆವ. ನಗು ಬಾಲ್ಕನಿಯ ತುಂಬ ಎದ್ದಿತು, ನಂತರ ಪಕ್ಕನೆ ನಿಂತಿತು. ಯಾರಿಗೋ ನೆನಪಾಗಿರಬೇಕು, ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆಂದು. ಆ ನಿಂತ ನಗು ಗುಡುಸಾಬನ ಬೆನ್ನಿಗೆ ನಾಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ತಾನಲ್ಲ ಎಂದುಕೊಂಡ, ಆದರೆ ಕೈ ಆಗಲೇ ಎದೆಯ ಪದಕಗಳ ಮೇಲೆ ಹೋಗಿತ್ತು.

ಇಂಟರ್ವಲ್ಲಿನ ದೀಪ ಹತ್ತಿದಾಗ ಗವಿಸಿದ್ದಪ್ಪ ಮಾಲೆ ಹಿಡಿದು ಓಡಿಬಂದ, ಆದರೆ ಅವನ ಮುಖ ನೋಡುವಂತಿರಲಿಲ್ಲ.

"ಮಿಲ್ಟ್ರಿ, ಮೋಸ ಆತ್ರಿ. ಪೋಸ್ಟರ್ ನೋಡಿ ಲಡಾಯಿ ಪಿಕ್ಚರ್ ಅಂತ ತಿಳದ್ವಿ. ಇದು ನೋಡಿದ್ರ ದೆವ್ವದ್ದೈತಿ. ನಡ್ರಿ, ಎಲ್ಲಾರೂ ಊರಿಗೆ ಹೋಗೂಣು. ಸತ್ಕಾರ ಶಾಲಿಯೊಳಗ ಇಟ್ಕೊಳ್ಳೂಣು."

ಏಳಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಗುಡುಸಾಬನ ಕಾಲು ಏಳಲು ತಯಾರೇ ಇತ್ತು. ಆದರೆ ಆ ಸೈನಿಕನನ್ನು ಮೇಜಿನ ಕೆಳಗೇ ಬಿಟ್ಟು ಹೋಗುವುದು ಅವನಿಗೆ ಸರಿಕಾಣಲಿಲ್ಲ, ಅದು ಓಡಿಹೋದಂತೆ. ಇನ್ನೂ ಒಂದು ಮಾತಿತ್ತು. ಆ ಹೆಂಡತಿಯ ಗತಿ ಏನಾಗುತ್ತದೆಂದು ಅವನಿಗೆ ತಿಳಿಯಬೇಕಾಗಿತ್ತು.

"ಪೂರಾ ನೋಡೂಣು," ಎಂದ. "ಅರ್ಧಕ್ಕ ಎದ್ದ ಹೋಗಾಕ ಇದೇನ ಪುಕ್ಕಟೆ ಬಯಲಾಟ ಅಲ್ಲ."

"ಮುಂದರ ಲಡಾಯಿ ಬರ್ತೈತೇನೋ," ಎಂದು ಗವಿಸಿದ್ದಪ್ಪ ಆಸೆಯಿಂದ ಹೇಳಿ, ಮಾಲೆಯನ್ನು ಮತ್ತೆ ನೀರು ಚಿಮುಕಿಸಿ ಬುಟ್ಟಿಯಲ್ಲಿಟ್ಟ.

ಲಡಾಯಿ ಬರಲಿಲ್ಲ. ಆ ಹೆಂಡತಿಗೆ ಅಂಜಿಕೆ ಸುರುವಾಯಿತು. ಚಾಕು ಬಚ್ಚಿಟ್ಟಳು. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಖುರ್ಚಿ ಒತ್ತಿಟ್ಟಳು. ಗಂಡನ ಹತ್ತಿರ ಬರುವಾಗ ದೂರದಿಂದಲೇ ಅವನ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಜೈಬು ಇಂಥದೊಂದೂ ಮಾಡಿದವಳಲ್ಲ ಎಂದು ಗುಡುಸಾಬ ಹೆಮ್ಮೆಪಟ್ಟುಕೊಳ್ಳುತ್ತಿದ್ದಂತೆಯೇ ಮನಸ್ಸು ಎಡವಿತು. ಕತ್ತಲೆಯಲ್ಲಿ ನೀರಿಗೆಂದು ಏಳುವಾಗಲೂ ಜೈಬು ಮೊದಲು ಮೆಲ್ಲಗೆ ಹೇಳುತ್ತಾಳೆ, "ನಾನ್ರಿ, ಜೈಬು, ಏಳಾಕತ್ತೀನಿ." ಹಿತ್ತಲಿಂದ ಒಳಗೆ ಬರುವಾಗ ಬಾಗಿಲಲ್ಲೇ ನಿಂತು, "ನಾನ್ರಿ, ಒಳಗ ಬರಾಕತ್ತೀನಿ." ಇಷ್ಟು ವರ್ಷ ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ, ಪ್ರೀತಿ ಎಂದುಕೊಂಡಿದ್ದ. ಗೆಳೆಯರ ಮುಂದೆ, ನನಗೆ ಹೇಳದೆ ಕೇಳದೆ ನನ್ನ ಹೆಂಡತಿ ಮಗ್ಗಲೂ ಬದಲಿಸುವುದಿಲ್ಲ ಎಂದು ಮೀಸೆ ತಿರುವಿದ್ದೂ ಇತ್ತು. ಅದು ಸುರುವಾದದ್ದು ಯಾವಾಗ? ಅದು ಸುರುವಾದದ್ದು ಮನೆಯಲ್ಲೇ ಒಂದು ಬೆಳಗಿನ ಮಬ್ಬಿನ ನಂತರ. ಅವನು ಎಚ್ಚರಾದಾಗ ಜೈಬು ನೆಲದ ಮೇಲೆ ಬೋರಲು ಬಿದ್ದಿದ್ದಳು, ಅವಳ ಬೆನ್ನಿನ ಮೇಲೆ ಅವನ ಮಣಕಾಲಿತ್ತು, ಬಾಯಲ್ಲಿ ಹಿಂದಿಯಲ್ಲಿ ಹುಕುಂ ಇತ್ತು. ಅಟ್ಟದಿಂದ ಬಿದ್ದೆ ಎಂದು ಅವಳು ಅಮೃತವ್ವನಿಗೆ ಹೇಳಿದ್ದು ಅವನಿಗೆ ಕೇಳಿಸಿತ್ತು. ಗಂಡಹೆಂಡಿರ ನಡುವೆ ಆ ಮಾತು ಮತ್ತೆ ಬರಲಿಲ್ಲ. ಪಹರೆಯವನ ಹತ್ತಿರ ಬರುವ ಮನುಷ್ಯ ಮೊದಲು ದೂರದಿಂದ ತನ್ನ ಗುರುತು ಹೇಳಬೇಕೆಂಬುದು ಫೌಜಿನ ಪಾಠ, ಹೇಳದಿದ್ದರೆ ಗುಂಡು. ತನ್ನ ಹೆಂಡತಿಗೆ ಆ ಪಾಠ ಯಾರೂ ಕಲಿಸಿರಲಿಲ್ಲ. ಗುಡುಸಾಬ ಎಡಕ್ಕೆ ತಿರುಗಿ ನೋಡಿದ. ಪರದೆಯ ಬೆಳಕಿನಲ್ಲಿ ಜೈಬುವಿನ ಮುಖ ಕಂಡಿತು. ಉಳಿದ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡಿದ್ದರೆ ಅವಳೊಬ್ಬಳೇ ಕಣ್ಣು ತೆರೆದು ಕೂತಿದ್ದಳು. ಇವಳು ಇಷ್ಟು ವರ್ಷ ನನಗೆ ಅಂಜಿ ಬಾಳಿದಳೇ? ಅವನಿಗೆ ನಾಚಿಕೆಯಿಂದ ಮೈ ಸುಟ್ಟಿತು.

ಕೊನೆಗೆ ಆ ಸೈನಿಕ ಹೆಂಡತಿಯನ್ನು ಬಚ್ಚಲಿನ ತೊಟ್ಟಿಯಲ್ಲಿ ಮುಳುಗಿಸಿ ಕೊಂದು, ತಾನೂ ಅಲ್ಲೇ ಕೂತ. ಪಿಕ್ಚರ್ ಮುಗಿಯಿತು.

ದೀಪ ಹತ್ತಿತು. ಮಂದಿ ಗುಡುಸಾಬನನ್ನು ನೋಡುತ್ತಿದ್ದರು, ಅವನು ನೋಡಿದರೆ ಕಣ್ಣು ತಪ್ಪಿಸುತ್ತಿದ್ದರು. ಮಾಲೆ ಬಾಡಿತ್ತು. ಆದರೂ ಸತ್ಕಾರ ಆಗದಿದ್ದರೆ ಮಂಡಳದ ಮಾನ ಹೋಗುತ್ತದೆಂದು ಗವಿಸಿದ್ದಪ್ಪ ಎಲ್ಲರನ್ನೂ ಕೆಳಗಿಳಿಸಿ, ಪರದೆಯ ಮುಂದಿನ ಕಟ್ಟೆಯ ಮೇಲೆ ಗುಡುಸಾಬನಿಗೆ ಪೇಟಾ ಸುತ್ತಿಸಿ, ಮೈಕು ಹಿಡಿದ. ಪಾಪ, ಒಳ್ಳೆಯ ಮನುಷ್ಯ. ಹಾಳಾದ ದಿನವನ್ನು ಹೇಗಾದರೂ ಎತ್ತಿ ನಿಲ್ಲಿಸಬೇಕೆಂಬುದೇ ಅವನ ಆಸೆ.

"ನೋಡ್ರಿ, ಇದು ಪರದೇಶದ ಮಂದಿ ಕಥಿ. ಆ ಮಂದಿಗೆ ದೇವ್ರಿಲ್ಲ ದಿಂಡ್ರಿಲ್ಲ, ಅದಕ್ಕ ತಲಿ ಕೆಡಸ್ಕೊಂತಾರ. ನಮ್ಮ ಫೌಜಿಗೋಳಿಗೆ ಹಿಂಗ ಆಗೂದಿಲ್ಲ! ಬೇಕಾದ್ರ ನಮ್ಮ ಗುಡುಸಾಬರನ್ನ ಕೇಳ್ರಿ. ಹೇಳ್ರಿ ಮಿಲ್ಟ್ರಿ, ಎರಡ ಮಾತು."

ಚಪ್ಪಾಳೆ ಬಿತ್ತು. ಮೈಕು ಗುಡುಸಾಬನ ಕೈಗೆ ಬಂತು. ಆಗುವುದಿಲ್ಲ ಎಂದು ಒಂದು ಮಾತು ಅಂದರೆ ಸಾಕಾಗಿತ್ತು. ಹನುಮಪ್ಪನ ಪಕ್ಕದ ಜಾಗ, ಜೀಪಿನ ಸಾಹೇಬರ ಫೋಟೋ, ಗೋಡೆಗೆ ಒರಗಿ ಎದೆ ಸೆಟೆಸುವ ಹುಡುಗರು, ಎಲ್ಲ ಹಾಗೇ ಉಳಿಯುತ್ತಿತ್ತು. ಆಗುತ್ತದೆ ಎಂದರೆ ನಾಳೆಯಿಂದ ಗಿರಣಿಗೆ ಜೋಳ ತರುವ ಹೆಣ್ಣುಮಕ್ಕಳು ದೂರ ನಿಂತು ಬುಟ್ಟಿ ಸರಿಸುತ್ತಾರೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಹೆಣ್ಣುಮಕ್ಕಳ ಕಡೆ ನೋಡಿದ. ಜೈಬು ಅವನನ್ನೇ ನೋಡುತ್ತಿದ್ದಳು, ಸನ್ನೆ ಇಲ್ಲ, ಬೇಡಿಕೆ ಇಲ್ಲ. ಅವಳ ಮುಂದೆ ನಿಂತು ಆಗುವುದಿಲ್ಲ ಎಂದರೆ, ನಿನ್ನ ಬೆನ್ನಿನ ಮೇಲೆ ಮಣಕಾಲು ಬಿದ್ದೇ ಇಲ್ಲ ಎಂದು ಊರೆದುರು ಹೇಳಿದಂತೆ.

"ಆಗ್ತೈತ್ರಿ," ಎಂದ ಗುಡುಸಾಬ. ಮೈಕು ಕಿರುಗುಟ್ಟಿತು. "ಯಾ ದೇಶದಾಗಾದ್ರೂ ಆಗ್ತೈತಿ. ನನಗೂ ಆಗೈತಿ. ನಾನೂ ಚಿಲಕಾ ನೋಡ್ತೀನಿ. ಆದ್ರ ಪಿಕ್ಚರ್‌ನ್ಯಾವ್ರು ಒಂದ ಕಡೆ ತಪ್ಪ್ಯಾರ. ಹೆಂಡ್ತೀನ ಸಾಯಿಸಿ ಬಿಟ್ಟಾರ. ನನ್ನ ಹೆಂಡ್ತಿ ಅಲ್ಲೇ ಕುಂತಾಳ, ನೋಡ್ರಿ."

ಇಡೀ ಟಾಕೀಜು ಅವಳ ಕಡೆ ತಿರುಗಿತು. ಜೈಬು ಸೆರಗು ಮುಂದೆಳೆದುಕೊಂಡಳು, ಆದರೆ ತಲೆ ತಗ್ಗಿಸಲಿಲ್ಲ. ಅಮೃತವ್ವ ಅವಳ ಕೈ ಹಿಡಿದುಕೊಂಡಳು. ಅಟ್ಟದಿಂದ ಬಿದ್ದ ಕಥೆಯನ್ನು ಆಕೆಯೂ ನಂಬಿರಲಿಲ್ಲವೇನೋ. ಚಪ್ಪಾಳೆ ಬೀಳಲಿಲ್ಲ. ಗವಿಸಿದ್ದಪ್ಪ ಏನೂ ತೋಚದೆ ಶಾಲು ಹೊದಿಸಿ, ಹೊದಿಸಿದ ಮೇಲೆ ಕೈ ತೆಗೆಯದೆ ಗುಡುಸಾಬನ ಹೆಗಲನ್ನು ಗಟ್ಟಿಯಾಗಿ ಹಿಡಿದು ನಿಂತ. ಆ ಹಿಡಿತದಲ್ಲಿ ಭಾಷಣ ಇರಲಿಲ್ಲ.

ಟೆಂಪೋ ಹತ್ತಲು ಗುಡುಸಾಬ ಒಪ್ಪಲಿಲ್ಲ, ಬಸ್ಸಿಗೆ ಬರುತ್ತೇವೆ ಎಂದ. ಬೆಟಗೇರಿಯಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದರು, ಅವನು ಮುಂದೆ, ಆ ಕಡೆಯ ರೂಢಿಯಂತೆ ಎರಡು ಹೆಜ್ಜೆ ಹಿಂದೆ ಅವಳು. ಮನೆಗಳ ಒಳಗಿನಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಹೆಂಡತಿಯನ್ನು ಪುರಾವೆಯ ಹಾಗೆ ಊರೆದುರು ತೋರಿಸಿ ಬಂದಿದ್ದ; ಪುರಾವೆ ಖರೆಯೋ ಸುಳ್ಳೋ ಅವನಿಗೇ ಗೊತ್ತಿರಲಿಲ್ಲ. ಆ ಸಂಕಟ ತಡೆಯಲಾರದೆ ನಿಂತು ತಿರುಗಿದ.

"ಜೈಬೂ, ನನ್ನ ಕಂಡ್ರ ನಿನಗ ಅಂಜಿಕಿ ಇತ್ತೇನು?"

"ಇತ್ತು."

"ಈಗ?"

"ಈಗೂ ಐತಿ. ಸುಳ್ಳ ಯಾಕ ಹೇಳ್ಲಿ?"

ಇಲ್ಲ ಎಂಬ ಮಾತಿಗಾಗಿ ಅವನು ಎಷ್ಟು ಕಾದಿದ್ದನೆಂಬುದು ಅವನಿಗೆ ಆಗ ತಿಳಿಯಿತು. "ಮತ್ತ ತವರಿಗೆ ಯಾಕ ಹೋಗ್ಲಿಲ್ಲ? ಲಕ್ಷ್ಮೇಶ್ವರ ಏನ ದೂರಿತ್ತು?"

"ಲಂಕಾದಾಗ ನಿಮಗ ಅಂಜಿಕಿ ಇದ್ದಿಲ್ಲೇನು?"

"ಇತ್ತು. ದಿನಾ ಇತ್ತು."

"ಓಡಿ ಬಂದ್ರೇನು?"

ಗುಡುಸಾಬ ಇಲ್ಲವೆಂದು ತಲೆಯಾಡಿಸಿದ.

"ಒಂದ ಸಲ ನಿಮ್ಮ ಮಣಕಾಲು ನನ್ನ ಬೆನ್ನಿಗೆ ಬಿತ್ತು," ಎಂದಳು ಜೈಬು. ಅವಳ ದನಿಯಲ್ಲಿ ಅಳು ಇರಲಿಲ್ಲ, ಜೋಳದ ದರ ಹೇಳುವಷ್ಟೇ ನೆಟ್ಟಗಿತ್ತು. "ಇನ್ನೊಂದ ಸಲ ಬಿದ್ದಿದ್ರ ಹೋಗಿಬಿಡತಿದ್ದೆ. ಯಾರ ಮಾತೂ ಕೇಳ್ತಿದ್ದಿಲ್ಲ. ಬೀಳದಂಗ ನಾನೂ ಕಾದೀನಿ, ನೀವೂ ಕಾದೀರಿ. ಕನಸಿನ್ಯಾಗ ಒಬ್ಬ ಅಜ್ಜನ್ನ ಕರೀತೀರಿ, ಹಿಂದ ಸರಿ ಅಂತೀರಿ. ಅಂವ ಯಾರಂತ ಒಂದ ದಿನಾ ಕೇಳೇನೇನು?"

"ಹೇಳ್ತೀನಿ," ಎಂದ ಗುಡುಸಾಬ. "ಎಲ್ಲಾ ಹೇಳ್ತೀನಿ."

"ಹೇಳೀರಂತ. ಈಗ ಬಸ್ ಹೋಗ್ತೈತಿ, ಜಲ್ದಿ ನಡೀರಿ," ಎಂದು ಅವಳು ಅವನನ್ನು ದಾಟಿ ಬಿರಬಿರನೆ ನಡೆದಳು.

ಗುಡುಸಾಬ ಒಂದು ಗಳಿಗೆ ಅಲ್ಲೇ ನಿಂತ. ಇವಳದು ಹನ್ನೆರಡೂ ತಿಂಗಳು ಪಹರೆ, ಬದಲಿ ಆಳಿಲ್ಲ, ರಜೆ ಇಲ್ಲ, ಬೆನ್ನು ತಟ್ಟಿ ಶಾಬಾಸ್ ಅನ್ನುವವರಿಲ್ಲ. ಜೊತೆಗೆ ನಿಂತು ಲಡಾಯಿ ಮಾಡಿದವರಲ್ಲಿ ಇಂಥ ಒಬ್ಬ ಸಿಪಾಯಿಯನ್ನು ಅವನು ಕಂಡಿರಲಿಲ್ಲ. ನಾಚಿಕೆ ಹೋಗಿರಲಿಲ್ಲ, ಅದು ಎಲ್ಲಿಗೂ ಹೋಗುವಂಥದ್ದಲ್ಲ. ಅದರ ಜೊತೆಗೇ ಎದೆ ತುಂಬಿ ಬಂತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಖರೆ ಹೆಮ್ಮೆ ಆಗಿತ್ತು. ಅವನು ಅವಳ ಹಿಂದೆ ನಡೆಯತೊಡಗಿದ, ಎರಡು ಹೆಜ್ಜೆ ಬಿಟ್ಟು. ಅಷ್ಟರಲ್ಲಿ ಮಂಡಳದ ಟೆಂಪೋ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾಯಿತು. ಹಿಂದೆ ನಿಂತಿದ್ದ ಊರಿನವನೊಬ್ಬ ಇವರಿಬ್ಬರನ್ನು ಕಂಡು, ಏನಾದರೂ ಅಂದು ಮನಸ್ಸು ಹಗುರ ಮಾಡಬೇಕೆಂದೋ ಏನೋ, ಬಾಗಿ ಕೂಗಿದ:

"ಏನ್ರಿ ಮಿಲ್ಟ್ರಿ, ಹೆಂಡ್ತಿ ಹಿಂದ ಹೊಂಟೀರಲ್ಲ!"

"ಹೌದಲೇ, ಹೊಂಟೀನಿ!" ಎಂದು ಗುಡುಸಾಬ ಇಡೀ ರಸ್ತೆಗೆ ಕೇಳುವಂತೆ ಕೂಗಿದ.